ನೋಡದೇ ಒಪ್ಪಿಕೊಳ್ಳುವ ಗಿರಾಕಿ

ಹಳೆ ಸಾಮಾನು ಮಾರಲು ಆನ್‌ಲೈನ್‌ನಲ್ಲಿ ಜಾಹೀರಾತು ಹಾಕಿದ್ದೀರಿ. ಸ್ವಲ್ಪ ಹೊತ್ತಿಗೇ ಫೋನ್ ಬಂತು. ಆ ಕಡೆಯವರು ಚೌಕಾಸಿ ಮಾಡದೇ ನೀವು ಹೇಳಿದ ರೇಟಿಗೇ ಒಪ್ಪಿಕೊಂಡರು. ದಯವಿಟ್ಟು ಖುಷಿಪಡಬೇಡಿ. ಮಾತು ಅಲ್ಲಿಗೇ ನಿಲ್ಲಿಸಿ. ಇದನ್ನು ನಮ್ಮ ಬೀದಿಯಲ್ಲಿ, ಆಫೀಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ಇವತ್ತು ಇಲ್ಲಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಓದಿ, ಮನೆಯಲ್ಲಿರುವ ಹಿರಿಯರಿಗೂ ಓದಿ ಹೇಳಿ.

ನಮ್ಮ ಕಡೆ ಈಗ ಸಾಮಾನು ಮಾರುವ ಸೀಸನ್. ಮಳೆ ಹಿಡಿಯುವ ಮೊದಲು ಮನೆ ಖಾಲಿ ಮಾಡುವವರು ಜಾಸ್ತಿ. ಮಣಿಪಾಲದಲ್ಲಿ ಕೋರ್ಸ್ ಮುಗಿಸಿದ ಮಕ್ಕಳು ಮಂಚ, ಹಾಸಿಗೆ, ಸ್ಟಡಿ ಟೇಬಲ್, ಸ್ಕೂಟರ್ ಎಲ್ಲ ಮಾರಿ ಊರಿಗೆ ಹೊರಡುತ್ತಾರೆ. ದೇರಳಕಟ್ಟೆ, ಸುರತ್ಕಲ್‌ನಲ್ಲೂ ಅದೇ ಕಥೆ. ಮಂಗಳೂರಿನಲ್ಲಿ ಗಲ್ಫಿಗೆ ಹೋಗುವ ಸಂಸಾರಗಳಿವೆ. ಬೆಂಗಳೂರಿನ ಮಕ್ಕಳ ಜೊತೆ ಇರೋಣ ಅಂತ ದೊಡ್ಡ ಮನೆ ಬಿಟ್ಟು ಹೊರಡುವ ಅಪ್ಪ ಅಮ್ಮಂದಿರಿದ್ದಾರೆ. ಮೊದಲೆಲ್ಲ ನೆಂಟರಿಗೋ ಗುಜರಿಯವರಿಗೋ ಹೋಗುತ್ತಿದ್ದ ಸಾಮಾನು ಈಗ ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ವಾಟ್ಸಾಪ್ ಗ್ರೂಪುಗಳಿಗೆ ಬರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಒಳ್ಳೆಯ ಸಾಗುವಾನಿ ಮಂಚ ಒಡೆದು ಸೌದೆಯಾಗುವುದಕ್ಕಿಂತ ಇನ್ನೊಬ್ಬರ ಮನೆ ಸೇರಲಿ ಅನ್ನುವವನು ನಾನು. ಅದಕ್ಕೇ ಈ ವ್ಯಾಪಾರ ಕೆಡಬಾರದು ಅಂತ ಇಷ್ಟು ಕಾಳಜಿ.

ಮೊದಲು ನಮ್ಮೂರಿನ ನಿಜವಾದ ಗಿರಾಕಿ ಹೇಗಿರುತ್ತಾನೆ ಅಂತ ನೆನಪು ಮಾಡಿಕೊಳ್ಳಿ. ನೀವು ಹಳೆ ಫ್ರಿಜ್ ಮಾರುತ್ತಿದ್ದೀರಿ ಅಂತಿಟ್ಟುಕೊಳ್ಳೋಣ. ಅವನ ಮೊದಲ ಪ್ರಶ್ನೆ, "ಲಾಸ್ಟ್ ಎಷ್ಟಕ್ಕೆ ಕೊಡ್ತೀರಿ?" ಆಮೇಲೆ, "ಮನೆ ಎಲ್ಲಿ?" ಉರ್ವಾ ಅಂದರೆ, "ಮಾರಿಗುಡಿಯಿಂದ ಆಚೆಯಾ ಈಚೆಯಾ?" ಎಷ್ಟು ವರ್ಷ ಆಯಿತು, ಗ್ಯಾಸ್ ತುಂಬಿಸಿದ್ದೀರಾ, ಬಿಲ್ಲು ಉಂಟಾ. ಇವತ್ತು ಸಂಜೆ ಬರುತ್ತೇನೆ ಅಂದವನು ಮರುದಿನ ಬರುತ್ತಾನೆ. ಒಬ್ಬನೇ ಬರುವುದೂ ಇಲ್ಲ, ಬಾವನನ್ನೋ ಗುರುತಿನ ಮೆಕ್ಯಾನಿಕನನ್ನೋ ಕರೆದುಕೊಂಡು ಬರುತ್ತಾನೆ. ಬಂದವನೇ ಫ್ರಿಜ್ಜಿನ ಹಿಂದೆ, ಅಡಿಯಲ್ಲಿ ಬಗ್ಗಿ ನೋಡುತ್ತಾನೆ. ಸಮುದ್ರದ ಬದಿಯ ಊರು ನಮ್ಮದು, ಉಪ್ಪುಗಾಳಿಗೆ ತಗಡು ತುಕ್ಕು ಹಿಡಿಯುತ್ತದೆ ಅಂತ ಅವನಿಗೆ ಗೊತ್ತು. ಬಾಗಿಲಿನ ರಬ್ಬರ್ ಎಳೆದು ನೋಡುತ್ತಾನೆ. ಸ್ವಿಚ್ ಹಾಕಿಸಿ ಕಂಪ್ರೆಸರ್ ಸದ್ದು ಕೇಳುತ್ತಾನೆ. "ಇದು ಜಾಸ್ತಿ ದಿನ ಬರ್ಲಿಕ್ಕಿಲ್ಲ ಮಾರಾಯ್ರೆ" ಅಂತ ಸಾವಿರ ರೂಪಾಯಿ ಇಳಿಸಲು ನೋಡುತ್ತಾನೆ. ನಿಮಗೆ ಸಿಟ್ಟು ಬರುತ್ತದೆ. ಬರಲಿ. ನಂಬಬಹುದಾದ ಗಿರಾಕಿ ಅವನೇ.

ಯಾಕೆಂದರೆ ಅವನಿಗೆ ಬೇಕಾಗಿರುವುದು ನಿಮ್ಮ ಫ್ರಿಜ್. ದುಡ್ಡು ಹೋಗುವುದು ಅವನದು, ಆದ್ದರಿಂದ ಹೆದರಿಕೆಯೂ ಅವನದು. ವಂಚಕನಿಗೆ ಫ್ರಿಜ್ ಬೇಡ. ಅದು ಓಡುತ್ತದೋ ಇಲ್ಲವೋ ಅವನಿಗೆ ಎಂತಕ್ಕೆ? ಹಾಗಾಗಿ ಅವನು ಫ್ರಿಜ್ಜಿನ ಬಗ್ಗೆ ಕೇಳುವುದೇ ಇಲ್ಲ. ಎರಡನೇ ಮಾತಿಗೇ ಪೇಮೆಂಟ್ ವಿಷಯಕ್ಕೆ ಬರುತ್ತಾನೆ. "ಗೂಗಲ್ ಪೇ ಇದೆಯಾ? ಫೋನ್ ಪೇ ಇದೆಯಾ? ಈಗಲೇ ಹಾಕುತ್ತೇನೆ, ಬೇರೆ ಯಾರಿಗೂ ಕೊಡಬೇಡಿ."

ಅನುಮಾನ ಬಂದರೆ ನಾನು ಒಂದು ಕೆಲಸ ಮಾಡುತ್ತೇನೆ. ಇಲ್ಲದ ಒಂದು ದೋಷ ಹೇಳುತ್ತೇನೆ. "ಒಂದು ಕಾಲು ಮುರಿದಿದೆ, ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದೇವೆ, ಆಗಬಹುದಾ?" ನಿಜವಾದ ಗಿರಾಕಿ ಕೂಡಲೇ ರೇಟು ಇಳಿಸುತ್ತಾನೆ, ಇಲ್ಲವೇ ಬೇಡ ಅನ್ನುತ್ತಾನೆ. ಇನ್ನೊಬ್ಬ "ಏನೂ ತೊಂದರೆ ಇಲ್ಲ ಸರ್" ಅಂತ ಮತ್ತೆ ಪೇಮೆಂಟ್‌ಗೇ ಬರುತ್ತಾನೆ. ಕಾಲು ಮುರಿದ ಫ್ರಿಜ್ಜಿಗೆ ಪೂರ್ತಿ ದುಡ್ಡು ಕೊಡುವವರು ಈ ಜಿಲ್ಲೆಯಲ್ಲಿ ಯಾರೂ ಇಲ್ಲ. ಬರೆದಿಟ್ಟುಕೊಳ್ಳಿ.

ಇನ್ನು ಯೂನಿಫಾರ್ಮಿನ ವಿಷಯ. ಇದು ನನಗೆ ಬಹಳ ನೋವು ಕೊಡುತ್ತದೆ. ಈ ಕಳ್ಳರು ತಾವು ಆರ್ಮಿಯವರು, ಸಿಐಎಸ್‌ಎಫ್‌ನವರು (ಕೇಂದ್ರ ಸರ್ಕಾರದ ಭದ್ರತಾ ಪಡೆಯವರು) ಅಂತ ಹೇಳಿಕೊಳ್ಳುವುದು ದೇಶದಲ್ಲೆಲ್ಲಾ ಇದೆ. ಆದರೆ ಮಂಗಳೂರಿನಲ್ಲಿ ಅದು ಸುಲಭವಾಗಿ ನಂಬಿಕೆ ಹುಟ್ಟಿಸುತ್ತದೆ. ನಮ್ಮ ಏರ್‌ಪೋರ್ಟಿಗೆ ಕಾವಲು ಸಿಐಎಸ್‌ಎಫ್. ಪಣಂಬೂರಿನ ಬಂದರಿಗೂ, ತೈಲ ಶುದ್ಧೀಕರಣದ ಎಂಆರ್‌ಪಿಎಲ್‌ಗೂ ಅವರೇ. ಪಣಂಬೂರಿನಲ್ಲಿ ಕೋಸ್ಟ್ ಗಾರ್ಡ್ ಕೂಡ ಇದೆ. ಹಾಗಾಗಿ "ಮಂಗಳೂರು ಏರ್‌ಪೋರ್ಟಿಗೆ ಹೊಸದಾಗಿ ಪೋಸ್ಟಿಂಗ್ ಆಗಿದೆ, ಕ್ವಾರ್ಟರ್ಸ್‌ಗೆ ಸಾಮಾನು ಬೇಕು" ಅಂತ ಹಿಂದಿಯಲ್ಲಿ ಯಾರಾದರೂ ಹೇಳಿದರೆ ನಮಗೆ ಸಹಜ ಅನ್ನಿಸುತ್ತದೆ. ಹಿಂದೆಯೇ ವಾಟ್ಸಾಪಿಗೆ ಯೂನಿಫಾರ್ಮ್ ಹಾಕಿದ ಫೋಟೋ, ಐಡಿ ಕಾರ್ಡ್, ಆಧಾರ್ ಎಲ್ಲ ಬಂದು ಬೀಳುತ್ತದೆ. ನೀವು ಕೇಳಿರುವುದೇ ಇಲ್ಲ!

ಸ್ವಲ್ಪ ಯೋಚನೆ ಮಾಡಿ. ಒಂದು ಸೋಫಾ ಕೊಳ್ಳುವವರು ಆಧಾರ್ ಕಾರ್ಡ್ ಯಾಕೆ ಕಳಿಸುತ್ತಾರೆ? ಆಮೇಲೆ, "ಡ್ಯೂಟಿ ಇದೆ, ನೋಡಲು ಬರಲಾಗುವುದಿಲ್ಲ, ನಮ್ಮ ಗಾಡಿ ಬಂದು ತೆಗೆದುಕೊಂಡು ಹೋಗುತ್ತದೆ" ಅನ್ನುತ್ತಾರೆ. ನಿಜವಾಗಿ ಏರ್‌ಪೋರ್ಟಿನಲ್ಲಿ ಕೆಲಸ ಮಾಡುವವರಿಗೂ ವಾರದ ರಜೆ ಇರುತ್ತದೆ, ಅಲ್ವಾ? ಏರ್‌ಪೋರ್ಟ್ ಇರುವ ಬಜ್ಪೆಯಿಂದ ಊರೊಳಗಿನ ಕದ್ರಿಗೆ ಎಷ್ಟು ದೂರ? ನಿಜವಾದ ಜವಾನರೂ ನಮ್ಮಲ್ಲಿ ಸಾಮಾನು ಕೊಳ್ಳುತ್ತಾರೆ. ಅವರು ರಜೆಯ ದಿನ ಬಂದು, ನೋಡಿ, ಚೌಕಾಸಿ ಮಾಡಿ ಕೊಳ್ಳುತ್ತಾರೆ. ಇನ್ನೊಂದು ಮಾತು. ಆ ಕಾರ್ಡಿನಲ್ಲಿರುವ ಮುಖ ಕಳ್ಳನದ್ದೇ ಆಗಿರಬೇಕೆಂದಿಲ್ಲ. ಯಾರದೋ ಕಾರ್ಡಿನ ಫೋಟೋ ಕದ್ದು ಹತ್ತು ಕಡೆ ಬಳಸುತ್ತಾರೆ. ಹಾಗಾಗಿ "ಇವನೇ ಮೋಸಗಾರ, ಶೇರ್ ಮಾಡಿ" ಅಂತ ಆ ಕಾರ್ಡನ್ನು ಗ್ರೂಪುಗಳಲ್ಲಿ ಹರಿಬಿಡಬೇಡಿ. ಪಾಪ, ಆ ಮನುಷ್ಯ ಎಲ್ಲೋ ಗಡಿಯಲ್ಲಿ ಕೆಲಸ ಮಾಡುತ್ತಿರಬಹುದು. ಅದನ್ನು ಪೊಲೀಸರಿಗೆ ಕೊಡಿ, ಸಾಕು.

ಈಗ ನಮ್ಮ ಬೀದಿಯ ಟೀಚರಕ್ಕನ ವಿಷಯ ಹೇಳುತ್ತೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ರಿಟೈರ್ ಆದ ಹಿಂದಿ ಟೀಚರ್. ಹಳೆಯ ಡೈನಿಂಗ್ ಟೇಬಲ್ ಎಂಟು ಸಾವಿರಕ್ಕೆ ಹಾಕಿದ್ದರು. ಆ ಕಡೆಯಿಂದ ಶುದ್ಧ ಹಿಂದಿಯಲ್ಲಿ ಒಬ್ಬ ಮಾತಾಡಿದ. ನಮಸ್ತೇ ಮಾತಾಜೀ ಅಂದ. ತನ್ನ ತಾಯಿಯೂ ಟೀಚರ್ ಅಂದ. ಜೀವಮಾನವಿಡೀ ಹಿಂದಿ ಪಾಠ ಮಾಡಿದವರಿಗೆ ಅಂಥ ಮಾತು ಕೇಳಿ ಎಷ್ಟು ಖುಷಿಯಾಗಿರಬೇಡ!

ಅವನು ಮೊದಲು ಐದು ರೂಪಾಯಿಯ ಒಂದು ಕ್ಯೂಆರ್ ಕೋಡ್ ಕಳಿಸಿದ. "ಇದನ್ನು ಸ್ಕ್ಯಾನ್ ಮಾಡಿ, ನಿಮ್ಮ ಅಕೌಂಟ್ ಸರಿ ಇದೆಯಾ ನೋಡೋಣ." ಸ್ಕ್ಯಾನ್ ಮಾಡಿ ಪಿನ್ ಹಾಕಿದರು. ಐದು ರೂಪಾಯಿ ಹೋಯಿತು, ಕೂಡಲೇ ಹತ್ತು ರೂಪಾಯಿ ಬಂತು. "ನೋಡಿದಿರಾ ಮಾತಾಜೀ, ಬಂತಲ್ವಾ? ಆರ್ಮಿ ಅಕೌಂಟಿನಿಂದ ಹೀಗೇ ಬರುವುದು." ಆಮೇಲೆ ಎಂಟು ಸಾವಿರದ ಕೋಡ್. ಸ್ಕ್ಯಾನ್, ಪಿನ್. ಎಂಟು ಸಾವಿರ ಹೋಯಿತು. ಬರಲಿಲ್ಲ. ಇವರು ಗಾಬರಿಯಾದರು. ಅವನ ಸ್ವರ ಮಾತ್ರ ಬದಲಾಗಲಿಲ್ಲ. "ಅಯ್ಯೋ, ಸರ್ವರ್‌ನಲ್ಲಿ ಸಿಕ್ಕಿಹಾಕಿಕೊಂಡಿದೆ. ಹದಿನಾರು ಸಾವಿರದ ಕೋಡ್ ಕಳಿಸುತ್ತೇನೆ, ಅದನ್ನು ಮಾಡಿದರೆ ಎಲ್ಲ ಒಟ್ಟಿಗೆ ವಾಪಸ್ ಬರುತ್ತದೆ. ಬೇಗ ಮಾಡಿ, ಇಲ್ಲದಿದ್ದರೆ ಮೊದಲಿನದೂ ಕ್ಯಾನ್ಸಲ್ ಆಗುತ್ತದೆ." ಅದೂ ಹೋಯಿತು. ಫೋನ್ ಇಡಲೂ ಬಿಡಲಿಲ್ಲ ಅಂತೆ. ಲೈನಿನಲ್ಲೇ ಇರಿ, ಲೈನಿನಲ್ಲೇ ಇರಿ ಅಂತ ಮಾತಾಡುತ್ತಲೇ ಇದ್ದ. ಪಕ್ಕದ ಮನೆಯವರನ್ನು ಒಂದು ಮಾತು ಕೇಳಲು ಬೇಕಾದ ಬಿಡುವನ್ನೂ ಕೊಡಲಿಲ್ಲ.

ಅವರ ಫೋನನ್ನು ನಾನು ನೋಡಿದೆ. ಸ್ಕ್ಯಾನ್ ಮಾಡಿದಾಗ ಬರುವ ಪರದೆಯಲ್ಲಿ ಯಾರಿಗೆ ದುಡ್ಡು ಹೋಗುತ್ತದೆ ಅಂತ ಹೆಸರಿರುತ್ತದೆ, ಕೆಳಗೆ ಪೇ ಅನ್ನುವ ಬಟನ್ ಇರುತ್ತದೆ. ಎಲ್ಲ ಇಂಗ್ಲಿಷ್, ಸಣ್ಣ ಅಕ್ಷರ. ಅವರ ಕನ್ನಡಕ ಟೀಪಾಯಿಯ ಮೇಲಿತ್ತು, ಫೋನ್ ಕಿವಿಯ ಹತ್ತಿರ ಇತ್ತು, ಹೇಳುವವನು ಹೇಳುತ್ತಲೇ ಇದ್ದ. ಇದರಲ್ಲಿ ಅವರ ದಡ್ಡತನ ಏನೂ ಇಲ್ಲ.

ನಿಮ್ಮ ಮನೆಯವರಿಗೆ ಇದನ್ನು ಹೀಗೆ ಹೇಳಿ ಕೊಡಿ. ಎಳನೀರಿನ ಗಾಡಿಯಲ್ಲಿ ಅಂಟಿಸಿದ ಕೋಡ್ ಯಾರದು? ಎಳನೀರು ಮಾರುವವರದು. ಸ್ಕ್ಯಾನ್ ಮಾಡುವವರು ಯಾರು? ದುಡ್ಡು ಕೊಡುವ ನಾವು. ಯಾವತ್ತಾದರೂ ಎಳನೀರಿನವರು ನಮ್ಮ ಕೋಡ್ ಸ್ಕ್ಯಾನ್ ಮಾಡಿ ದುಡ್ಡು ತೆಗೆದುಕೊಂಡದ್ದುಂಟಾ? ನಾವು ಟೇಬಲ್ ಮಾರುವಾಗ ಎಳನೀರಿನವರ ಜಾಗದಲ್ಲಿರುವವರು ನಾವೇ. ಕೋಡ್ ತೋರಿಸಬೇಕಾದವರು ನಾವು, ಸ್ಕ್ಯಾನ್ ಮಾಡಬೇಕಾದವರು ಕೊಳ್ಳುವವರು. ಯುಪಿಐ ಪಿನ್ ಬೇಕಾಗುವುದು ದುಡ್ಡು ಕಳಿಸಲು, ಇಲ್ಲವೇ ಬ್ಯಾಲೆನ್ಸ್ ನೋಡಲು. ದುಡ್ಡು ಬರಲು ಪಿನ್ ಬೇಡ, ಸ್ಕ್ಯಾನ್ ಬೇಡ, ಏನೂ ಒತ್ತುವುದು ಬೇಡ. ಯುಪಿಐ ಬಂದದ್ದು 2016ರಲ್ಲಿ. ಇಷ್ಟು ವರ್ಷಗಳಾದರೂ ಈ ಒಂದು ವಿಷಯ ಎಲ್ಲರಿಗೂ ತಲುಪಿಲ್ಲ ಅನ್ನುವುದು ಬೇಸರದ ಸಂಗತಿ. ಪ್ರತಿ ಬ್ಯಾಂಕಿನ ಕೌಂಟರಿನಲ್ಲಿ, ಪ್ರತಿ ಸೊಸೈಟಿಯಲ್ಲಿ ಇದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಹಾಕಬೇಕು.

ಮೊದಲು ಇನ್ನೊಂದು ದಾರಿಯಿತ್ತು. ದುಡ್ಡು ಕಳಿಸುವ ಬದಲು ದುಡ್ಡು ಕೇಳುವ ರಿಕ್ವೆಸ್ಟ್ ಕಳಿಸಿ, "ಒಪ್ಪಿಗೆ ಒತ್ತಿ" ಅನ್ನುತ್ತಿದ್ದರು. ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಆ ರಿಕ್ವೆಸ್ಟನ್ನು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ಒಳ್ಳೆಯ ಕೆಲಸ. ಆದರೆ ಕ್ಯೂಆರ್ ಕೋಡಿನ ಆಟ ಅದರಿಂದ ನಿಲ್ಲುವುದಿಲ್ಲ. ಆ ಚೌಕದೊಳಗೆ ಇರುವುದು ಅವನ ಯುಪಿಐ ವಿಳಾಸ ಮತ್ತು ಅವನು ಮೊದಲೇ ತುಂಬಿಸಿಟ್ಟ ಮೊತ್ತ, ಅಷ್ಟೇ.

ಸ್ಕ್ಯಾನ್ ಮಾಡುವುದಿಲ್ಲ ಅಂದವರಿಗೆ ಬೇರೆ ದಾರಿ ಹಿಡಿಯುತ್ತಾರೆ. "ದುಡ್ಡು ಹಾಕಿದ್ದೇನೆ" ಅಂತ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಬ್ಯಾಂಕಿನದ್ದೇ ಅನ್ನಿಸುವ ಮೆಸೇಜ್ ಬರುತ್ತದೆ, ನೋಡಿದರೆ ಹತ್ತು ಅಂಕಿಯ ಮಾಮೂಲಿ ಮೊಬೈಲ್ ನಂಬರಿನಿಂದ ಬಂದಿರುತ್ತದೆ. ಮನೆ ಬಾಗಿಲಿಗೇ ಬಂದು ತಮ್ಮ ಫೋನಿನಲ್ಲಿ ಹಸಿರು ಟಿಕ್ ತೋರಿಸಿ ಸಾಮಾನು ಎತ್ತಿಕೊಂಡು ಹೋಗುವವರೂ ಇದ್ದಾರೆ, ಅದಕ್ಕೆಂದೇ ನಕಲಿ ಆ್ಯಪ್‌ಗಳಿವೆ. ಅವರ ಫೋನ್ ನೋಡಬೇಡಿ. ನಿಮ್ಮ ಫೋನಿನಲ್ಲಿ ನಿಮ್ಮ ಬ್ಯಾಂಕಿನ ಬ್ಯಾಲೆನ್ಸ್ ನೋಡಿ. ಅಲ್ಲಿ ಬಂದ ಮೇಲೆ ಟೆಂಪೋಗೆ ಹತ್ತಿಸಲಿ. "ನೆಟ್‌ವರ್ಕ್ ಇಲ್ಲ, ಆಮೇಲೆ ಬರುತ್ತದೆ" ಅಂದರೆ ಟೆಂಪೋದವರೂ ಆಮೇಲೆ ಬರಲಿ. ಇದನ್ನು ಹೇಳಲು ನಮ್ಮವರಿಗೆ ಭಾರೀ ಸಂಕೋಚ. ಬಂದವರಿಗೆ ಬಾಯಾರಿಕೆಗೆ ಕೊಟ್ಟು ಕೂರಿಸುವ ಅಭ್ಯಾಸ ನಮ್ಮದು. ಕೂರಿಸಿ, ಬಾಯಾರಿಕೆ ಕೊಡಿ, ದುಡ್ಡು ಬರುವವರೆಗೆ ಮಾತಾಡಿ. ಸಾಮಾನು ಮಾತ್ರ ಚಾವಡಿಯಲ್ಲೇ ಇರಲಿ.

ಕೊರಿಯರ್‌ನವರು, ಪ್ಯಾಕರ್ಸ್‌ನವರು ಅಂತ ಹೇಳಿ ಲಿಂಕ್ ಕಳಿಸಿದರೆ, ಯಾವುದೋ ಎಪಿಕೆ ಫೈಲ್ (ಆ್ಯಪ್ ಹಾಕುವ ಫೈಲ್) ಹಾಕಿಕೊಳ್ಳಿ ಅಂದರೆ, ಸ್ಕ್ರೀನ್ ಶೇರ್ ಮಾಡಿ ಅಂದರೆ, ಮಾತೇ ಬೇಡ. ಬ್ಲಾಕ್ ಮಾಡಿ.

ಇನ್ನೊಂದು ವಿಷಯದ ಬಗ್ಗೆ ಜನ ಮಾತಾಡುವುದೇ ಕಡಿಮೆ. ದುಡ್ಡು ನಿಜವಾಗಿ ಬಂದರೂ ಕೆಲವೊಮ್ಮೆ ತಲೆನೋವು ತಪ್ಪುವುದಿಲ್ಲ. ಉಡುಪಿಯ ನನ್ನ ಪರಿಚಯದ ಹುಡುಗ ತನ್ನ ಫೋನ್ ಮಾರಿದ. ದುಡ್ಡು ಸರಿಯಾಗಿ ಬಂತು, ಅದೂ ಕೊಳ್ಳಲು ಬಂದವನ ಹೆಸರಿನಿಂದಲ್ಲ, ಬೇರೆ ಯಾರದೋ ಅಕೌಂಟಿನಿಂದ. "ಅಣ್ಣನ ಅಕೌಂಟ್" ಅಂದಿದ್ದ. ಸ್ವಲ್ಪ ದಿನಕ್ಕೆ ಬ್ಯಾಂಕಿನವರು ಇವನ ಅಕೌಂಟಿನ ದುಡ್ಡು ತಡೆಹಿಡಿದರು. ಬೇರೆ ರಾಜ್ಯದಲ್ಲಿ ಯಾರೋ ಕಳೆದುಕೊಂಡ ದುಡ್ಡು ಕೈಯಿಂದ ಕೈಗೆ ಸಾಗಿ ಇವನ ಹತ್ತಿರ ಬಂದಿತ್ತು. ಸೈಬರ್ ದೂರು ಬಂದಾಗ ದುಡ್ಡು ಯಾವ ಯಾವ ಅಕೌಂಟಿಗೆ ಹೋಗಿದೆಯೋ ಅಲ್ಲೆಲ್ಲ ತಡೆ ಹಾಕುವುದು ಕ್ರಮ. ತಪ್ಪು ಮಾಡದವನೂ ತಾನು ಸಾಮಾನು ಮಾರಿದ್ದು ನಿಜ ಅಂತ ತೋರಿಸಿಕೊಳ್ಳಬೇಕಾಗುತ್ತದೆ. ಇವನ ಹತ್ತಿರ ಚಾಟ್ ಇತ್ತು, ಜಾಹೀರಾತು ಇತ್ತು, ಫೋನಿನ ಐಎಂಇಐ ನಂಬರ್ (ಆ ಫೋನಿನ ಗುರುತಿನ ನಂಬರ್) ಬರೆದ ಒಂದು ಚೀಟಿ ಇತ್ತು. ಅದು ಅವನನ್ನು ಉಳಿಸಿತು. ಆದರೂ ಎಷ್ಟು ಓಡಾಟ, ಎಷ್ಟು ಮಂಡೆಬಿಸಿ!

ಅದಕ್ಕೇ ಹೇಳುತ್ತೇನೆ, ಬಂದವರ ಹೆಸರು ಮತ್ತು ದುಡ್ಡು ಬಂದ ಅಕೌಂಟಿನ ಹೆಸರು ಒಂದೇ ಇರಲಿ. ಒಂದು ಬಿಳಿ ಹಾಳೆಯಲ್ಲಿ ಏನು ಮಾರಿದಿರಿ, ಎಷ್ಟಕ್ಕೆ, ಯಾವ ದಿನ ಅಂತ ಬರೆದು ಇಬ್ಬರೂ ಸಹಿ ಹಾಕಿ. ಫೋನ್ ಆದರೆ ಐಎಂಇಐ ಬರೆಯಿರಿ, ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತಿದರೆ ಬರುತ್ತದೆ. ಹಾಗೆಯೇ, "ತಪ್ಪಿ ಜಾಸ್ತಿ ದುಡ್ಡು ಬಿತ್ತು, ವಾಪಸ್ ಹಾಕಿ" ಅಂತ ಅವಸರ ಮಾಡಿದರೆ ನೀವಾಗಿ ಹಾಕಬೇಡಿ. ಬ್ಯಾಲೆನ್ಸ್ ನೋಡಿ, ನಿಜವಾಗಿ ಬಂದಿದ್ದರೆ ನಿಮ್ಮ ಬ್ಯಾಂಕಿಗೆ ತಿಳಿಸಿ.

ಬೈಕು, ಸ್ಕೂಟರ್ ಮಾರುವವರಿಗೆ ಎರಡು ಮಾತು. ಟ್ರಯಲ್ ನೋಡುತ್ತೇನೆ ಅಂದವರಿಗೆ ಕೀ ಕೊಟ್ಟು ಗೇಟಿನ ಹತ್ತಿರ ನಿಲ್ಲಬೇಡಿ, ಹಿಂದೆ ಕೂತು ಹೋಗಿ. ಆರ್‌ಸಿ ಹೆಸರು ಬದಲಾಗುವವರೆಗೆ ಅದರ ಬೆನ್ನು ಬಿಡಬೇಡಿ. ಹೆಸರು ಬದಲಿಸುವ ಫಾರ್ಮ್ 29, ಫಾರ್ಮ್ 30ಕ್ಕೆ ಸಹಿ ಹಾಕಿ ಕೈಗೆ ಕೊಟ್ಟು ಮರೆತುಬಿಡುವವರು ಬಹಳ. ಮಾರಿದ್ದನ್ನು ಆರ್‌ಟಿಒಗೆ 14 ದಿನದೊಳಗೆ ತಿಳಿಸಬೇಕಾದವರು ಮಾರಿದವರೇ. ಗಾಡಿ ಯಾರದೇ ಕೈಯಲ್ಲಿರಲಿ, ಅಪಘಾತದ ಪರಿಹಾರಕ್ಕೆ ದಾಖಲೆಯಲ್ಲಿ ಹೆಸರಿದ್ದವರೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮಣಿಪಾಲದಿಂದ ಊರಿಗೆ ಹೊರಡುವ ಅವಸರದಲ್ಲಿ ಉಡುಪಿ ನೋಂದಣಿಯ ಕೆಎ 20 ಗಾಡಿಯನ್ನು ಯಾರಿಗೋ ಕೊಟ್ಟು ರೈಲು ಹತ್ತುವ ಮಕ್ಕಳು ಇದನ್ನು ಓದಲಿ.

ಒಂದು ವಿಷಯದಲ್ಲಿ ನನಗೆ ತಕರಾರಿದೆ. "ಹಿಂದಿಯಲ್ಲಿ ಮಾತಾಡಿದರೆ ಕಟ್ ಮಾಡಿ" ಅಂತ ಸುಲಭದ ಉಪಾಯ ಹೇಳುವವರಿದ್ದಾರೆ. ಅದು ಸರಿಯಲ್ಲ. ಮಣಿಪಾಲಕ್ಕೆ, ಸುರತ್ಕಲ್‌ಗೆ ಓದಲು ಬಂದವರಲ್ಲಿ, ಬೈಕಂಪಾಡಿಯಲ್ಲಿ ದುಡಿಯುವವರಲ್ಲಿ ಹಿಂದಿಯವರು ಎಷ್ಟೋ ಜನ. ನಮ್ಮ ಹಳೆ ಮಂಚ, ಫ್ಯಾನು ಕೊಳ್ಳುವ ಪ್ರಾಮಾಣಿಕ ಗಿರಾಕಿಗಳು ಅವರೂ ಹೌದು. ಕನ್ನಡದಲ್ಲೇ ಚೆಂದವಾಗಿ ಮಾತಾಡಿ ಮೋಸ ಮಾಡುವವರೂ ಇದ್ದಾರೆ. ಭಾಷೆ ನೋಡಿ ನಂಬಿದರೆ ನಾಳೆ ಕನ್ನಡದವನು ಬಂದಾಗ ಬಾಗಿಲು ತೆರೆದೇ ಇರುತ್ತದೆ. ಅವನು ಸಾಮಾನು ನೋಡಲು ಬರುತ್ತಾನಾ, ಅಷ್ಟೇ ಕೇಳಿ.

ದುಡ್ಡು ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕೂಡಲೇ ಅಂದರೆ ಊಟ ಮಾಡಿ ಆಮೇಲೆ ಅಲ್ಲ. ವಂಚಕ ಆ ದುಡ್ಡನ್ನು ಒಂದು ಅಕೌಂಟಿನಿಂದ ಇನ್ನೊಂದಕ್ಕೆ ದಾಟಿಸಿ ತೆಗೆದುಬಿಡುವ ಮೊದಲು ತಡೆದರೆ ಮಾತ್ರ ಸಿಗುವ ಆಸೆ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಅನ್ನುವ ಸರ್ಕಾರದ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಮಂಗಳೂರಿನಲ್ಲೂ ಉಡುಪಿಯಲ್ಲೂ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆ ಇದೆ. ಬೇರೆಯವರಂತೆ ನಟಿಸಿ ಆನ್‌ಲೈನ್‌ನಲ್ಲಿ ಮೋಸ ಮಾಡಿದರೆ ಐಟಿ ಕಾಯ್ದೆಯ 66ಡಿ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಜೈಲು ಇದೆ. ಬ್ಯಾಂಕಿಗೂ ಹೇಳಿ. ನೀವೇ ಪಿನ್ ಹಾಕಿದ್ದರೆ ಬ್ಯಾಂಕ್ ದುಡ್ಡು ತುಂಬಿ ಕೊಡುತ್ತದೆ ಅಂತ ಕಾಯಬೇಡಿ. ಆದರೆ ನೀವು ತಿಳಿಸಿದ ಮೇಲೂ ಅನುಮತಿ ಇಲ್ಲದೇ ದುಡ್ಡು ಹೋದರೆ ಅದರ ಹೊಣೆ ಬ್ಯಾಂಕಿನದು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ.

ಟೀಚರಕ್ಕ 1930ಕ್ಕೆ ಫೋನ್ ಮಾಡಿದ್ದು ಮರುದಿನ. ನಂಬರ್ ಗೊತ್ತಿರಲಿಲ್ಲ ಅಂತ ಅಲ್ಲ. "ಮಗನಿಗೆ ಹೇಗೆ ಹೇಳಲಿ ಅಂತ ರಾತ್ರಿಯೆಲ್ಲ ಯೋಚನೆ ಮಾಡಿದೆ" ಅಂದರು. ಆ ಒಂದು ರಾತ್ರಿಯೇ ವಂಚಕನಿಗೆ ಸಾಕಾಯಿತು. ಆಮೇಲೆ ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, "ಟೀಚರಾಗಿ ನಿಮಗೆ ಗೊತ್ತಾಗಲಿಲ್ವಾ?" ಈ ಪ್ರಶ್ನೆ ಕೇಳುವುದನ್ನು ನಾವು ನಿಲ್ಲಿಸಬೇಕು. ಅದನ್ನು ಕೇಳಿಸಿಕೊಂಡ ಪಕ್ಕದ ಮನೆಯ ಅಜ್ಜ ನಾಳೆ ತಾನು ದುಡ್ಡು ಕಳೆದುಕೊಂಡರೆ ಯಾರಿಗೂ ಬಾಯಿ ಬಿಡುವುದಿಲ್ಲ. ಮಕ್ಕಳು ದುಬೈಯಲ್ಲಿ, ಬೆಂಗಳೂರಿನಲ್ಲಿ. ಮನೆಯಲ್ಲಿ ಇಬ್ಬರೇ ವಯಸ್ಸಾದವರು, ಇಲ್ಲವೇ ಒಬ್ಬರೇ. ಅಂಥ ಮನೆಗಳು ನಮ್ಮ ಊರಿನಲ್ಲಿ ಎಷ್ಟಿವೆ ಅಂತ ನಿಮಗೇ ಗೊತ್ತು. ಮೋಸ ಮಾಡಿದವನು ಆರಾಮವಾಗಿರುವಾಗ ಮೋಸಹೋದವರು ತಲೆತಗ್ಗಿಸುವುದು ಯಾವ ನ್ಯಾಯ?

ಹೊರಗಿರುವ ಮಕ್ಕಳಿಗೆ ಒಂದು ವಿನಂತಿ. ಅಪ್ಪ ಅಮ್ಮ ಏನಾದರೂ ಮಾರಬೇಕು ಅಂದರೆ ಜಾಹೀರಾತಿನಲ್ಲಿ ನಿಮ್ಮ ನಂಬರ್ ಹಾಕಿ. ಮಾತು ನೀವೇ ಆಡಿ. ಸಾಮಾನು ನೋಡಲು ಬರುತ್ತೇನೆ ಅಂದವರಿಗೆ ಮಾತ್ರ ಮನೆಯ ವಿಳಾಸ ಕೊಡಿ, ಆ ಹೊತ್ತಿಗೆ ಅಕ್ಕಪಕ್ಕದವರು ಒಬ್ಬರು ಮನೆಯಲ್ಲಿರಲಿ.

ಕದ್ರಿ, ಬಿಜೈ, ಉರ್ವಾ ಕಡೆಯ ಹಿರಿಯರು ಯಾರಾದರೂ ಒಬ್ಬರೇ ಇದ್ದು ಸಾಮಾನು ಮಾರುವವರಿದ್ದರೆ ನನಗೆ ಇನ್‌ಬಾಕ್ಸ್‌ನಲ್ಲಿ ಒಂದು ಮೆಸೇಜ್ ಹಾಕಿ. ಫೋಟೋ ತೆಗೆದು ಜಾಹೀರಾತು ಹಾಕಿಕೊಡುತ್ತೇನೆ, ಗಿರಾಕಿ ಬರುವಾಗ ಬಂದು ಜೊತೆಗೆ ಕೂರುತ್ತೇನೆ. ವಾರದ ದಿನಗಳಲ್ಲಿ ಸಂಜೆ ಆರರ ನಂತರ, ಭಾನುವಾರ ಯಾವಾಗ ಬೇಕಾದರೂ. ಅಂದ ಹಾಗೆ, ಟೀಚರಕ್ಕನ ಡೈನಿಂಗ್ ಟೇಬಲ್ ಇನ್ನೂ ಮಾರಾಟಕ್ಕಿದೆ. ಆರು ಕುರ್ಚಿ, ಬೀಟೆ ಮರ, ಒಂದು ಕುರ್ಚಿಯ ಬೆತ್ತ ಮಾತ್ರ ಹೊಸದಾಗಿ ಹೆಣೆಸಬೇಕು. ಬೇಕಾದವರು ಬಂದು ನೋಡಿ, ಚೌಕಾಸಿ ಮಾಡಿ.